ನನ್ನ ಬಲಗಣ್ಣಿನ ಋಣ

ಬೆಳಿಗ್ಗೆ ಪತ್ರಿಕೆ ಕೈಗೆ ಬಂದೊಡನೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬಲಗಣ್ಣೊಂದರಿಂದಲೇ ಮೊದಲ ಪುಟದ ನಾಲ್ಕು ಸಾಲು ಓದುವುದು ನನ್ನ ರೂಢಿ. ಮನೆಯವರು ಇದನ್ನು ನೋಡಿ ನೋಡಿ ಈಗ ನಗುವುದನ್ನೂ ಬಿಟ್ಟಿದ್ದಾರೆ. 2012ರಿಂದೀಚೆಗೆ ಈ ಪರೀಕ್ಷೆಯನ್ನು ಒಂದು ದಿನವೂ ತಪ್ಪಿಸಿದ ನೆನಪಿಲ್ಲ. ಅಕ್ಷರಗಳು ಅಷ್ಟೇನೂ ಸ್ಫುಟವಾಗಿರುವುದಿಲ್ಲ, ಆದರೆ ಕಾಣುತ್ತವೆ. ಅವು ಕಾಣುವುದಕ್ಕೆ ಕಾರಣರಾದವರಲ್ಲಿ ನನ್ನ ವೈದ್ಯರು ಒಬ್ಬರು. ಇನ್ನೊಬ್ಬರು ನಾನು ಎಂದೂ ನೋಡದ, ಕಣ್ಣಿನ ತಜ್ಞೆಯೂ ಅಲ್ಲದ, ಪಿಎಚ್.ಡಿ.ಯನ್ನು ಅರ್ಧಕ್ಕೇ ಬಿಡಬೇಕಾಗಿ ಬಂದ ನ್ಯೂಯಾರ್ಕಿನ ಮಹಿಳೆ ಗರ್ಟ್ರೂಡ್ ಎಲಿಯನ್.

ಆ ವರ್ಷದ ಮಳೆಗಾಲದಲ್ಲಿ ಬಲಗಣ್ಣು ಕೆಂಪಾಗಿ ನೋಯತೊಡಗಿತು. ಮದ್ರಾಸ್ ಐ ಇರಬೇಕೆಂದು ನಾನೇ ತೀರ್ಮಾನಿಸಿ, ಔಷಧ ಅಂಗಡಿಯಿಂದ ಹನಿ ತಂದು ನಾಲ್ಕು ದಿನ ಬಿಟ್ಟುಕೊಂಡೆ. ಕೆಂಪು ಇಳಿಯಲಿಲ್ಲ. ಬದಲಿಗೆ ಕಣ್ಣೆದುರು ಕೂದಲೆಳೆಗಳೂ ಮಸಿಯ ಚುಕ್ಕಿಗಳೂ ತೇಲತೊಡಗಿದವು. ವಾರ ತುಂಬುವಷ್ಟರಲ್ಲಿ ಎದುರು ಕುಳಿತವರ ಮುಖ ಮಂಜಿನ ಹಿಂದೆ ಸರಿದಂತಾಯಿತು. ಬೆಂಗಳೂರಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದ ವೈದ್ಯರು ಅಂದೇ ದಾಖಲಾಗಬೇಕೆಂದರು. ಅಕ್ಷಿಪಟಲದ ಅಂಚಿನುದ್ದಕ್ಕೂ ಹಳದಿ ಬಿಳುಪಿನ ತೇಪೆಗಳಿದ್ದವು. ಹರ್ಪಿಸ್ ಕುಟುಂಬದ ವೈರಾಣುಗಳು ಅಕ್ಷಿಪಟಲವನ್ನು ಸುಡುತ್ತಾ ಹೋಗುವ ಈ ಕಾಯಿಲೆಗೆ ಅಕ್ಯೂಟ್ ರೆಟಿನಲ್ ನೆಕ್ರೋಸಿಸ್ ಎಂದು ಹೆಸರು. ಕಣ್ಣಿನ ಮುಂಭಾಗದಿಂದ ಒಂದು ಹನಿ ದ್ರವ ತೆಗೆದು ಪರೀಕ್ಷಿಸಿದಾಗ ಸಿಕ್ಕಿದ್ದು, ನನಗೆ ಬಾಲ್ಯದಲ್ಲಿ ಊರಿನಲ್ಲಿ ಸೀತಾಳೆ ಸಿಡುಬು ತಂದಿದ್ದ ವೈರಾಣುವೇ. ಸಿಡುಬು ವಾಸಿಯಾದ ಮೇಲೂ ಅದು ನರಗಳ ಬುಡದಲ್ಲಿ ದಶಕಗಟ್ಟಲೆ ಅಡಗಿ ಕುಳಿತಿರುತ್ತದೆ. ಮತ್ತೆ ಎದ್ದರೆ ಸಾಮಾನ್ಯವಾಗಿ ಸರ್ಪಸುತ್ತಾಗಿ ಮೈಮೇಲೆ ಬರುತ್ತದೆ. ನಮ್ಮ ಹಳ್ಳಿಯಲ್ಲಿ ಅದಕ್ಕೆ ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸುತ್ತಿದ್ದರು. ತಲೆ ಬಾಲ ಕೂಡಿದರೆ ಉಳಿಯುವುದಿಲ್ಲವೆಂಬ ಭಯವಿತ್ತು. ತೀರಾ ಅಪರೂಪಕ್ಕೆ ಅದು ಮೈಯನ್ನು ಬಿಟ್ಟು ಕಣ್ಣಿನ ಒಳಗೋಡೆಯನ್ನು ಹಿಡಿಯುತ್ತದೆ. ಆ ಅಪರೂಪದ ಪಾಲು ನನ್ನದಾಯಿತು.

ಅಕ್ಷಿಪಟಲ ಎಂಬುದು ಕಣ್ಣಿನ ಹಿಂಬದಿಗೆ ಒಳಗಿನಿಂದ ಅಂಟಿಕೊಂಡಿರುವ ತೀರಾ ತೆಳುವಾದ ನರಪೊರೆ. ಅದರ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಇಲ್ಲಿ ದೃಷ್ಟಿ ಮರಳುವುದೆಂದರೆ ಸುಟ್ಟದ್ದು ಚಿಗುರುವುದಲ್ಲ. ಬೆಂಕಿಯನ್ನು ಬೇಗ ಆರಿಸಿ ಉಳಿದದ್ದನ್ನು ಉಳಿಸಿಕೊಳ್ಳುವುದು, ಆಮೇಲೆ ಉರಿಯೂತದ ಮಂಜು ಕರಗಿ ಆ ಉಳಿದ ಭಾಗ ಕೆಲಸಕ್ಕೆ ಮರಳುವುದು, ಇಷ್ಟೇ. ಜಪಾನಿನ ಉರಯಾಮ ಮತ್ತು ಸಂಗಡಿಗರು ಈ ರೋಗವನ್ನು 1971ರಲ್ಲಿ ಮೊದಲು ವರ್ಣಿಸಿದಾಗ ಅದರ ಕಾರಣವೂ ತಿಳಿದಿರಲಿಲ್ಲ, ಮದ್ದೂ ಇರಲಿಲ್ಲ. ರೋಗಕ್ಕೆ ತುತ್ತಾದ ಅಕ್ಷಿಪಟಲ ಹಳೆಯ ಬಟ್ಟೆಯಂತೆ ಜೂಲಾಗಿ, ತೂತುಬಿದ್ದು, ಗೋಡೆಯಿಂದ ಕಳಚಿಕೊಳ್ಳುತ್ತಿತ್ತು. ಚಿಕಿತ್ಸೆ ಸಿಗದವರಲ್ಲಿ ಸುಮಾರು ಮೂರನೇ ಒಂದು ಭಾಗ ಜನರಿಗೆ ಇನ್ನೊಂದು ಕಣ್ಣಿಗೂ ರೋಗ ದಾಟುತ್ತದೆ, ಹೆಚ್ಚಾಗಿ ಕೆಲವೇ ವಾರಗಳಲ್ಲಿ. ತೆಗೆದುಹಾಕಿದ ಕಣ್ಣೊಂದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ಅಮೆರಿಕದ ವೈದ್ಯರು ಹರ್ಪಿಸ್ ಗುಂಪಿನ ವೈರಾಣುವನ್ನು ಗುರುತಿಸಿದ್ದು 1982ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಅಸೈಕ್ಲೊವಿರ್ ಎಂಬ ಔಷಧಕ್ಕೆ ಅನುಮತಿ ಸಿಕ್ಕಿತು. ಕಾಯಿಲೆಯ ಕಾರಣ ಮತ್ತು ಅದರ ಮದ್ದು ಒಬ್ಬರನ್ನೊಬ್ಬರು ಅರಿಯದೆ ಒಂದೇ ಬಾಗಿಲಿಗೆ ಬಂದು ನಿಂತಂತೆ.

ಹತ್ತು ದಿನ, ದಿನಕ್ಕೆ ಮೂರು ಬಾರಿ, ಅಸೈಕ್ಲೊವಿರ್ ನನ್ನ ರಕ್ತನಾಳಕ್ಕೆ ಇಳಿಯಿತು. ಮೂತ್ರಪಿಂಡಕ್ಕೆ ತೊಂದರೆಯಾಗಬಾರದೆಂದು ದಾದಿಯರು ಗಂಟೆಗೊಮ್ಮೆ ನೀರು ಕುಡಿಸುತ್ತಿದ್ದರು. ಮಾಡಲು ಬೇರೆ ಕೆಲಸವಿಲ್ಲ, ಓದುವುದು ನಿಷಿದ್ಧ. ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿದವನು ನಾನು. ಆ ಅಣುವಿನ ಚಿತ್ರವನ್ನು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾ ಮಲಗಿದ್ದಾಗ ಹೊಳೆಯಿತು: ಇದರ ಮೂಲದಲ್ಲಿರುವ ಪ್ಯೂರಿನ್ ಉಂಗುರವನ್ನು ಕರಿಹಲಗೆಯ ಮೇಲೆ ನೂರಾರು ಸಲ ಬರೆದಿದ್ದೇನೆ, ಆದರೆ ಅದನ್ನು ಔಷಧವಾಗಿಸಿದವರ ಹೆಸರನ್ನು ತರಗತಿಯಲ್ಲಿ ಒಮ್ಮೆಯೂ ಹೇಳಿಲ್ಲ. ಮನೆಗೆ ಬಂದ ಮೇಲೆ, ಓದಲು ಅನುಮತಿ ಸಿಕ್ಕಾಗ, ಮೊದಲು ಓದಿದ್ದು ಆಕೆಯ ಬದುಕನ್ನು.

ಎಲಿಯನ್ ಹುಟ್ಟಿದ್ದು 1918ರ ಜನವರಿ 23ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಲಿಥುವೇನಿಯಾದಿಂದ ಬಾಲಕನಾಗಿ ವಲಸೆ ಬಂದು ದಂತವೈದ್ಯರಾದವರು. ತಾಯಿಯೂ ಹದಿಹರೆಯದಲ್ಲಿ ರಷ್ಯಾ ಸಾಮ್ರಾಜ್ಯದಿಂದ ಬಂದವರು. ಆಮೇಲೆ ಬಂದು ಸೇರಿದ ತಾತ ಗಡಿಯಾರ ರಿಪೇರಿಯ ಕಸುಬಿನವರು, ಧರ್ಮಗ್ರಂಥಗಳಲ್ಲಿ ಪಂಡಿತರು. ದೃಷ್ಟಿ ಮಂದವಾಗಿ ಗಡಿಯಾರದ ಕೆಲಸ ಬಿಡಬೇಕಾಗಿ ಬಂದಾಗ, ಮೊಮ್ಮಗಳ ಕೈಹಿಡಿದು ಉದ್ಯಾನದಲ್ಲಿ ಅಡ್ಡಾಡುತ್ತಾ ಯಿಡ್ಡಿಶ್ ಭಾಷೆಯಲ್ಲಿ ಕಥೆ ಹೇಳುವುದೇ ಅವರ ಕಾಯಕವಾಯಿತು. ಕಣ್ಣು ಹೋದವನ ಮನಸ್ಸು ಸ್ವಲ್ಪ ಬಲ್ಲ ನನಗೆ ಆ ತಾತ ಪುಸ್ತಕದ ಎಲ್ಲರಿಗಿಂತ ಹತ್ತಿರದವರೆನಿಸಿದರು. 1933ರಲ್ಲಿ ಅವರು ಹೊಟ್ಟೆಯ ಕ್ಯಾನ್ಸರಿನಿಂದ ನರಳಿ ತೀರಿಕೊಂಡರು. ಹದಿನೈದರ ಹುಡುಗಿ ಆಸ್ಪತ್ರೆಯಲ್ಲಿ ಅದನ್ನು ಕಂಡಿದ್ದಳು. ಅದೇ ವರ್ಷ ಕಾಲೇಜು ಸೇರುವಾಗ ಯಾವ ವಿಷಯ ಎಂಬ ಪ್ರಶ್ನೆ ಉಳಿದಿರಲಿಲ್ಲ.

1929ರ ಷೇರುಪೇಟೆಯ ಕುಸಿತದಲ್ಲಿ ತಂದೆ ಎಲ್ಲವನ್ನೂ ಕಳೆದುಕೊಂಡಿದ್ದರು. ಶುಲ್ಕವಿಲ್ಲದ ಹಂಟರ್ ಮಹಿಳಾ ಕಾಲೇಜು ಇಲ್ಲದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 1937ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದ ಆಕೆ ಸಂಶೋಧನಾ ವೇತನಕ್ಕಾಗಿ 15 ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದರು. ಒಂದೂ ಒಪ್ಪಲಿಲ್ಲ. ಕೆಲಸಕ್ಕಾಗಿ ಹೋದ ಒಂದು ಕಡೆ, ಅರ್ಹತೆ ಇದೆಯಾದರೂ ಪ್ರಯೋಗಾಲಯದಲ್ಲಿ ಹೆಣ್ಣೊಬ್ಬಳಿದ್ದರೆ ಗಂಡಸರ ಗಮನ ಚದುರುತ್ತದೆಂಬ ಕಾರಣ ಕೊಟ್ಟು ಹಿಂದಕ್ಕೆ ಕಳಿಸಿದರು. ಬೆರಳಚ್ಚು ಕಲಿಸುವ ಕಾರ್ಯದರ್ಶಿಗಳ ಶಾಲೆಗೆ ಸೇರಿ ಆರು ವಾರಗಳಲ್ಲೇ ಬಿಟ್ಟರು. ದಾದಿಯರಿಗೆ ಮೂರು ತಿಂಗಳು ಜೀವರಸಾಯನ ಕಲಿಸಿದರು. ಪರಿಚಿತ ರಸಾಯನ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಸಂಬಳವಿಲ್ಲದೆ ದುಡಿದು, ಕೊನೆಗೆ ವಾರಕ್ಕೆ 20 ಡಾಲರ್ ಪಡೆಯುವ ಮಟ್ಟ ಮುಟ್ಟಿದರು. ಆ ಉಳಿತಾಯದಿಂದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎಂ.ಎಸ್ಸಿ. ತರಗತಿ ಸೇರಿದಾಗ ಅಲ್ಲಿದ್ದ ಹೆಣ್ಣು ಆಕೆಯೊಬ್ಬರೇ. ಹಗಲು ಪ್ರೌಢಶಾಲೆಗಳಲ್ಲಿ ಬದಲಿ ಶಿಕ್ಷಕಿಯಾಗಿ ದುಡಿದು, ಸಂಜೆ ಮತ್ತು ವಾರದ ಕೊನೆಯ ದಿನಗಳಲ್ಲಿ ಪ್ರಯೋಗ ನಡೆಸಿ 1941ರಲ್ಲಿ ಪದವಿ ಪಡೆದರು.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಕಾಲೇಜಿನ ಬಿ.ಎಸ್ಸಿ.ಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯೊಬ್ಬಳು ಸಂಶೋಧನೆಗೆ ಹೋಗಲೇ ಎಂದು ನನ್ನನ್ನು ಕೇಳಿದ್ದಳು. ಅದು ಐದಾರು ವರ್ಷಗಳ ಕೆಲಸ, ಮನೆಯವರು ಮದುವೆಯ ಯೋಚನೆಯಲ್ಲಿರುತ್ತಾರೆ, ಬಿ.ಇಡಿ. ಮಾಡಿಕೊಂಡರೆ ಹೆಣ್ಣುಮಕ್ಕಳಿಗೆ ಅನುಕೂಲ ಎಂದು ನಾನು ಬುದ್ಧಿ ಹೇಳಿದೆ. ಹಿತವಚನವೆಂದೇ ಭಾವಿಸಿದ್ದೆ. ನ್ಯೂಯಾರ್ಕಿನಲ್ಲಿ 1937ರಲ್ಲಿ ಬಾಗಿಲು ಮುಚ್ಚಿದವರೂ ಬಹುಶಃ ಕೆಟ್ಟವರೇನೂ ಆಗಿರಲಿಲ್ಲ.

ಎಂ.ಎಸ್ಸಿ. ಪಡೆದ ವರ್ಷವೇ ಎಲಿಯನ್ ಮದುವೆಯಾಗಬೇಕಿದ್ದ ಯುವಕ ತೀರಿಕೊಂಡರು. ಹೃದಯದ ಒಳಪೊರೆಗೆ ತಗುಲಿದ ಬ್ಯಾಕ್ಟೀರಿಯಾ ಸೋಂಕು ಅವರನ್ನು ಬಲಿ ತೆಗೆದುಕೊಂಡಿತು. ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಅದು ಗುಣವಾಗಬಲ್ಲ ಕಾಯಿಲೆಯಾಯಿತು. ಆದರೆ ಆ ಮದ್ದು ರೋಗಿಗಳ ಕೈಗೆ ತಲುಪಲು ಇನ್ನೂ ಕೆಲ ವರ್ಷಗಳಿದ್ದವು. ಆಕೆ ಮುಂದೆ ಮದುವೆಯಾಗಲಿಲ್ಲ. ಯುದ್ಧಕ್ಕೆ ಗಂಡಸರು ಹೊರಟುಹೋಗಿ ಪ್ರಯೋಗಾಲಯಗಳಲ್ಲಿ ಜಾಗ ಖಾಲಿಯಾದಾಗ ಮೊದಲು ಸಿಕ್ಕಿದ್ದು ಆಹಾರ ಕಂಪೆನಿಯೊಂದರಲ್ಲಿ ಉಪ್ಪಿನಕಾಯಿಯ ಹುಳಿ ಅಳೆಯುವ, ಮೇಯನೀಸಿನ ಬಣ್ಣ ನೋಡುವ ಕೆಲಸ. ಕಲಿಯುವುದು ಮುಗಿಯಿತೆನಿಸಿದೊಡನೆ ಅದನ್ನು ಬಿಟ್ಟರು. ತಂದೆಯ ದಂತ ಚಿಕಿತ್ಸಾಲಯಕ್ಕೆ ಬರೋಸ್ ವೆಲ್ಕಮ್ ಕಂಪೆನಿಯ ನೋವಿನ ಮಾತ್ರೆಗಳ ಮಾದರಿ ಬರುತ್ತಿತ್ತು. ಅಲ್ಲಿ ವಿಚಾರಿಸುವಂತೆ ಸೂಚಿಸಿದವರು ಅವರೇ. 1944ರಲ್ಲಿ, ನ್ಯೂಯಾರ್ಕ್ ಸಮೀಪದ ಟಕಾಹೊ ಎಂಬಲ್ಲಿದ್ದ ಆ ಕಂಪೆನಿಯ ಪ್ರಯೋಗಾಲಯದಲ್ಲಿ ಜಾರ್ಜ್ ಹಿಚಿಂಗ್ಸ್ ಆಕೆಯನ್ನು ಸಹಾಯಕಿಯಾಗಿ ತೆಗೆದುಕೊಂಡರು.

ಹಿಚಿಂಗ್ಸ್ ಅವರ ಯೋಚನೆ ಆ ಕಾಲಕ್ಕೆ ವಿಚಿತ್ರವೆನಿಸುವಂಥದ್ದು. ಔಷಧ ಹುಡುಕುವುದೆಂದರೆ ಆಗ ಸಾವಿರಾರು ವಸ್ತುಗಳನ್ನು ಇಲಿಗಳಿಗೆ ತಿನ್ನಿಸಿ ಯಾವುದಾದರೂ ಫಲಿಸುತ್ತದೆಯೇ ಎಂದು ಕಾಯುವುದಾಗಿತ್ತು. ಅವರು ಇನ್ನೊಂದು ದಾರಿ ಹಿಡಿದರು. ಎಲ್ಲ ಜೀವಕೋಶಗಳಿಗೂ ಹೆಚ್ಚಿಕೊಳ್ಳಲು ನ್ಯೂಕ್ಲಿಯಿಕ್ ಆಮ್ಲ ಬೇಕು. ರೋಗಾಣುಗಳೂ ಕ್ಯಾನ್ಸರ್ ಕೋಶಗಳೂ ಬಹು ಬೇಗ ಹೆಚ್ಚಿಕೊಳ್ಳುವುದರಿಂದ ಅವುಗಳಿಗೆ ಅದು ಇನ್ನೂ ಹೆಚ್ಚು ಬೇಕು. ನೋಡಲು ಅದೇ ಸಾಮಗ್ರಿಯಂತಿದ್ದು ಕೆಲಸಕ್ಕೆ ಬಾರದ ನಕಲಿಯನ್ನು ಒಳಗೆ ತೂರಿಸಿದರೆ ಅವುಗಳ ಕಟ್ಟೋಣ ನಿಲ್ಲಬಹುದು. ಡಿಎನ್‌ಎ ರಚನೆ ಜಗತ್ತಿಗೆ ತಿಳಿಯಲು ಇನ್ನೂ ಒಂಬತ್ತು ವರ್ಷಗಳಿದ್ದ ದಿನಗಳವು. ಪ್ಯೂರಿನ್‌ಗಳ ಭಾಗ ಎಲಿಯನ್ ಅವರಿಗೆ ಬಂತು. ಹಗಲೆಲ್ಲ ದುಡಿದು ರಾತ್ರಿ ಬ್ರೂಕ್ಲಿನ್ ಪಾಲಿಟೆಕ್ನಿಕ್‌ನಲ್ಲಿ ಪಿಎಚ್.ಡಿ. ಪಾಠ ಕೇಳುತ್ತಿದ್ದರು. ಕೆಲಸ ಬಿಟ್ಟು ಪೂರ್ಣಾವಧಿ ಬರುವುದಾದರೆ ಮಾತ್ರ ಮುಂದುವರಿಯಬಹುದೆಂದು ಅಲ್ಲಿಯ ಡೀನ್ ಷರತ್ತು ಹಾಕಿದಾಗ ಆಕೆ ಪದವಿಯನ್ನು ಬಿಟ್ಟು ಕೆಲಸವನ್ನು ಉಳಿಸಿಕೊಂಡರು.

ಮುಂದಿನ ಇಪ್ಪತ್ತು ವರ್ಷಗಳ ಸಾಧನೆ ಒಬ್ಬರ ಆಯುಷ್ಯಕ್ಕೆ ಹೆಚ್ಚಾಯಿತೇನೋ ಎನ್ನುವಷ್ಟಿದೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಬಳಸುವ ಮರ್ಕ್ಯಾಪ್ಟೊಪ್ಯೂರಿನ್‌ಗೆ 1953ರಲ್ಲಿ ಅನುಮತಿ ದೊರೆಯಿತು. ಅದರಿಂದಲೇ ಹುಟ್ಟಿದ ಅಜಥಯೊಪ್ರಿನ್ ನೆರವಿನಿಂದ, 1962ರಲ್ಲಿ, ರಕ್ತಸಂಬಂಧವಿಲ್ಲದವರ ಮೂತ್ರಪಿಂಡದ ಕಸಿ ಯಶಸ್ವಿಯಾಯಿತು. ನಮ್ಮ ನಿಮ್ಮ ಮನೆಯ ಹಿರಿಯರು ಗೌಟ್ ನೋವಿಗೆ ನುಂಗುವ ಅಲೊಪ್ಯೂರಿನಾಲ್ ಕೂಡ ಆಕೆಯ ಕೈಯದೇ. ಕಣ್ಣಿನ ವಿಷಯಕ್ಕೆ ಬಂದರೆ, ಅದೇ ಪ್ರಯೋಗಾಲಯದಲ್ಲಿ ಹಿಚಿಂಗ್ಸ್, ಎಲ್ವೈರಾ ಫಾಲ್ಕೊ ಮೊದಲಾದವರು ಮಲೇರಿಯಾಕ್ಕೆಂದು ರೂಪಿಸಿದ ಪೈರಿಮೆಥಮೀನ್ ಮುಂದೆ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯಿಂದ ಅಕ್ಷಿಪಟಲಕ್ಕೆ ಬರುವ ಉರಿಯೂತದ ಪ್ರಮುಖ ಮದ್ದಾಯಿತು. ಸೆಪ್ಟ್ರಾನ್ ಎಂಬ ಹೆಸರಿನಲ್ಲಿ ನಮ್ಮ ಪ್ರತಿ ಊರಿನ ಔಷಧ ಅಂಗಡಿಗೂ ತಲುಪಿದ ಮಾತ್ರೆಯಲ್ಲಿರುವ ಟ್ರೈಮೆಥೊಪ್ರಿಮ್ ಸಹ ಅಲ್ಲಿಯದೇ. ಅದೂ ಈ ಕಾಯಿಲೆಗೆ ಬಳಕೆಯಲ್ಲಿದೆ. ಅಕ್ಷಿಪಟಲದ ಸೋಂಕೆಂದರೆ ಒಂದೇ ಕಾಯಿಲೆಯಲ್ಲ. ಕ್ಷಯ, ಸಿಫಿಲಿಸ್‌ಗಳಿಂದ ಬರುವುದುಂಟು. 2006ರಲ್ಲಿ ಕರ್ನಾಟಕವನ್ನು ಕಾಡಿದ ಚಿಕೂನ್‌ಗುನ್ಯಾದ ನಂತರ ಕಣ್ಣಿನ ಉರಿಯೂತದೊಂದಿಗೆ ಬಂದವರನ್ನು ಬೆಂಗಳೂರಿನ ವೈದ್ಯರು ಕಂಡಿದ್ದಾರೆ. ಯಾವ ರೋಗಾಣು ಎಂದು ತಿಳಿಯದೆ ಊತ ಇಳಿಸಲು ಬರೀ ಸ್ಟೀರಾಯ್ಡ್ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತಾಗಬಹುದು. ಅಂಗಡಿಯ ಹನಿಯನ್ನು ನಂಬಿ ನಾಲ್ಕು ದಿನ ಕಳೆದ ನಾನು ಈ ಮಾತು ಹೇಳಲು ಅರ್ಹನೋ ಅಲ್ಲವೋ.

ಅಸೈಕ್ಲೊವಿರ್ ಕಥೆಗೆ ಎರಡು ಆರಂಭಗಳಿವೆ. 1948ರಲ್ಲೇ ಎಲಿಯನ್ ತಯಾರಿಸಿದ ಪ್ಯೂರಿನ್ ಒಂದು ವೈರಾಣುವನ್ನು ತಡೆಯುವ ಲಕ್ಷಣ ತೋರಿತ್ತು. ಆದರೆ ಅದು ದೇಹಕ್ಕೂ ವಿಷವಾಗಿದ್ದರಿಂದ ಆ ದಾರಿಯನ್ನು ಬದಿಗಿಟ್ಟರು. ವೈರಾಣು ನಮ್ಮ ಜೀವಕೋಶದೊಳಗೇ ಕುಳಿತು ನಮ್ಮದೇ ಸಲಕರಣೆ ಬಳಸಿ ಬೆಳೆಯುವುದರಿಂದ, ಅದನ್ನು ಕೊಂದು ಕೋಶವನ್ನು ಉಳಿಸುವ ಮದ್ದು ಅಸಾಧ್ಯವೆಂದೇ ಬಹುಪಾಲು ವಿಜ್ಞಾನಿಗಳು ನಂಬಿದ್ದರು. ಇಪ್ಪತ್ತು ವರ್ಷಗಳ ಬಳಿಕ, 1968ರಲ್ಲಿ, ಅದೇ ಬಗೆಯ ಇನ್ನೊಂದು ವಸ್ತು ವೈರಾಣುಗಳನ್ನು ತಡೆಯುತ್ತದೆಂಬ ವರದಿ ಕಂಡು ಆಕೆ ಹಳೆಯ ದಾರಿಗೆ ಮರಳಿದರು. 1970ರಲ್ಲಿ ಪ್ರಯೋಗಾಲಯ ಉತ್ತರ ಕೆರೊಲಿನಾಕ್ಕೆ ಸ್ಥಳಾಂತರಗೊಂಡಿತು. ಹಾವರ್ಡ್ ಶೇಫರ್ ತಂಡ ಅಣುಗಳನ್ನು ತಯಾರಿಸಿತು, ಇಂಗ್ಲೆಂಡಿನಲ್ಲಿ ಜಾನ್ ಬಾವರ್ ಅವುಗಳನ್ನು ವೈರಾಣುಗಳ ಮೇಲೆ ಪರೀಕ್ಷಿಸಿದರು, 1974ರ ಹೊತ್ತಿಗೆ ಅಸೈಕ್ಲೊವಿರ್ ಗುಣ ಖಚಿತವಾಯಿತು. ಅದು ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿದ್ದು ಎಲಿಯನ್ ಮತ್ತು ಅವರ ಸಂಗಡಿಗರು.

ಆ ವಿವರಣೆಯನ್ನು ಓದಿದಾಗ ಮೇಷ್ಟ್ರಾಗಿ ನನಗಾದ ಸಂತೋಷ ರೋಗಿಯಾಗಿ ಆದ ಸಂತೋಷಕ್ಕಿಂತ ಕಡಿಮೆಯದಲ್ಲ. ಅಸೈಕ್ಲೊವಿರ್ ನಮ್ಮ ಎಲ್ಲ ಜೀವಕೋಶಗಳನ್ನೂ ಹೊಗುತ್ತದೆ. ಆದರೆ ಆರೋಗ್ಯವಾಗಿರುವ ಕೋಶದಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಹರ್ಪಿಸ್ ವೈರಾಣು ತನ್ನ ಬೆಳವಣಿಗೆಗೆಂದು ಥೈಮಿಡಿನ್ ಕೈನೇಸ್ ಎಂಬ ಸ್ವಂತ ಕಿಣ್ವವೊಂದನ್ನು ತಯಾರಿಸಿಕೊಳ್ಳುತ್ತದೆ. ಆ ಕಿಣ್ವ ಔಷಧದ ಅಣುವನ್ನು ತನ್ನ ಸಾಮಗ್ರಿಯೆಂದು ಭ್ರಮಿಸಿ ಅದಕ್ಕೊಂದು ಫಾಸ್ಫೇಟ್ ಜೋಡಿಸುತ್ತದೆ. ಅಲ್ಲಿಗೆ ಮದ್ದು ಎಚ್ಚರವಾಗುತ್ತದೆ. ಮುಂದೆ ಕೋಶದ ಕಿಣ್ವಗಳು ಇನ್ನೆರಡು ಫಾಸ್ಫೇಟ್ ಸೇರಿಸುತ್ತವೆ, ಅದು ವೈರಾಣು ಕಟ್ಟುತ್ತಿರುವ ಡಿಎನ್‌ಎ ಸರಪಳಿಯೊಳಗೆ ಸೇರಿಕೊಳ್ಳುತ್ತದೆ. ಒಂದೇ ಕಡೆ ಕೊಂಡಿಯಿರುವ ರೈಲು ಬೋಗಿಯನ್ನು ಊಹಿಸಿಕೊಳ್ಳಿ. ಮುಂದಿನ ಬೋಗಿಗೆ ಅದನ್ನು ತಗುಲಿಸಬಹುದು, ಆದರೆ ಅದರ ಹಿಂದೆ ಇನ್ನೊಂದನ್ನು ತಗುಲಿಸಲಾಗದು. ರೈಲು ಅಲ್ಲಿಗೇ ಮುಗಿಯಿತು. ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯನ್ನು ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಬರೆದಿರಲಾರರು. ಈ ತಿಳಿವಳಿಕೆಯ ಎಳೆ ಹಿಡಿದು ಮುಂದೆ ಬೇರೆಯವರು ಗ್ಯಾನ್ಸಿಕ್ಲೊವಿರ್ ಎಂಬ ಸೋದರ ಔಷಧವನ್ನು ಬೆಳೆಸಿದರು. ಅಮೆರಿಕದಲ್ಲಿ 1989ರಲ್ಲಿ ಅನುಮತಿ ಪಡೆದ ಅದು, ಸೈಟೊಮೆಗಲೊ ವೈರಾಣುವಿನಿಂದ ಅಕ್ಷಿಪಟಲ ಬೇಯುತ್ತಿದ್ದ ಏಡ್ಸ್ ರೋಗಿಗಳ ಕಣ್ಣು ಉಳಿಸಲು ನೆರವಾಯಿತು.

1983ರಲ್ಲಿ ಆಕೆ ನಿವೃತ್ತರಾದರು. ಆಕೆ ಕಟ್ಟಿದ ವಿಭಾಗದವರು ಕೆಲವೇ ವರ್ಷಗಳಲ್ಲಿ ಏಡ್ಸ್‌ನ ಮೊದಲ ಔಷಧ ಎಜಡ್‌ಟಿಯನ್ನು ಬಳಕೆಗೆ ತಂದಾಗ ಅದರ ಶ್ರೇಯವನ್ನು ತನ್ನದೆಂದು ಹೇಳಿಕೊಳ್ಳಲಿಲ್ಲ. 1988ರ ನೊಬೆಲ್ ಪ್ರಶಸ್ತಿಯನ್ನು ಹಿಚಿಂಗ್ಸ್ ಮತ್ತು ಬ್ರಿಟನ್ನಿನ ಜೇಮ್ಸ್ ಬ್ಲಾಕ್ ಜೊತೆ ಹಂಚಿಕೊಂಡರು. ಮರುವರ್ಷ ಬ್ರೂಕ್ಲಿನ್ನಿನ ಅದೇ ಪಾಲಿಟೆಕ್ನಿಕ್ ಗೌರವ ಡಾಕ್ಟರೇಟ್ ಕೊಟ್ಟಿತು. ಹಿಂದೆ ನಿರಾಕರಿಸಿದವರಿಂದ ಅದನ್ನು ಸ್ವೀಕರಿಸುವಾಗ ಮನಸ್ಸಿನಲ್ಲಿ ಏನಿತ್ತೋ. ನಾನಾಗಿದ್ದರೆ ಅಷ್ಟು ಸೌಜನ್ಯ ಇರುತ್ತಿರಲಿಲ್ಲ.

ಆಕೆಯ ಪ್ರಯೋಗಾಲಯದ ಅರ್ಧ ಡಜನ್ ಔಷಧಗಳು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ. ಅವುಗಳಲ್ಲಿ ಒಂದಾದ ಪೈರಿಮೆಥಮೀನ್‌ನ ಮಾರಾಟದ ಹಕ್ಕು ಕೊಂಡ ಅಮೆರಿಕದ ಕಂಪೆನಿಯೊಂದು 2015ರಲ್ಲಿ ಒಂದು ಮಾತ್ರೆಯ ಬೆಲೆಯನ್ನು 13.50 ಡಾಲರಿನಿಂದ 750 ಡಾಲರಿಗೆ ಏರಿಸಿತು. ಅರವತ್ತು ವರ್ಷ ಹಳೆಯ ಔಷಧ, ಹೊಸದಾಗಿ ಯಾರೂ ಏನನ್ನೂ ಕಂಡುಹಿಡಿದಿರಲಿಲ್ಲ. ಇದನ್ನು ವ್ಯಾಪಾರವೆನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಬದುಕುತ್ತಿರುವ ದೇಶದಲ್ಲಿ ಅಸೈಕ್ಲೊವಿರ್ ಹಲವು ಕಂಪೆನಿಗಳಿಂದ ತಯಾರಾಗಿ, ನಿವೃತ್ತ ಉಪನ್ಯಾಸಕನ ಪಿಂಚಣಿಗೆ ನಿಲುಕುವ ದರದಲ್ಲಿ ಸಿಕ್ಕಿದ್ದರಿಂದ ಮೂರು ತಿಂಗಳು, ದಿನಕ್ಕೆ ಐದು ಬಾರಿ, ಯಾರ ಮುಂದೆಯೂ ಕೈಯೊಡ್ಡದೆ ಮಾತ್ರೆ ನುಂಗಿದೆ.

ಎರಡನೇ ತಿಂಗಳಲ್ಲಿ ಮಂಜು ಕರಗತೊಡಗಿತು. ಮೊದಲು ಕಂಡದ್ದು ಕ್ಯಾಲೆಂಡರಿನ ಕೆಂಪು ಭಾನುವಾರಗಳು, ಆಮೇಲೆ ಕಪ್ಪು ಅಂಕಿಗಳು. ಸತ್ತ ಭಾಗದ ಗಡಿಗೆ ಲೇಸರ್ ಹೊಲಿಗೆ ಹಾಕಿ ಅಕ್ಷಿಪಟಲ ಕಳಚದಂತೆ ನೋಡಿಕೊಂಡರು. ಎಡಗಣ್ಣಿಗೆ ರೋಗ ದಾಟಲಿಲ್ಲ. ಮೂಗಿನ ಪಕ್ಕದ ಅಂಚು ಮಾತ್ರ ಮರಳಲಿಲ್ಲ. ಬಲಗಡೆಯಿಂದ ನುಗ್ಗಿ ಬರುವ ಸ್ಕೂಟರು ಈಗಲೂ ಹತ್ತಿರ ಬಂದ ಮೇಲೆಯೇ ನನಗೆ ಕಾಣುವುದು, ರಸ್ತೆ ದಾಟುವಾಗ ಮೊಮ್ಮಗಳ ಕೈ ಬೇಕು.

ನಿವೃತ್ತಿಯ ನಂತರ ಎಲಿಯನ್ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪ್ರತಿ ವರ್ಷ ಒಬ್ಬ ವೈದ್ಯ ವಿದ್ಯಾರ್ಥಿಯನ್ನು ಜೊತೆಗಿಟ್ಟುಕೊಂಡು ಸಂಶೋಧನೆ ಕಲಿಸುತ್ತಿದ್ದರು. 1999ರ ಫೆಬ್ರವರಿ 21ರಂದು, 81ನೇ ವಯಸ್ಸಿನಲ್ಲಿ, ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ತೀರಿಕೊಂಡರು. ಆ ತಿಂಗಳು ನಾನು ಅಂತಿಮ ಬಿ.ಎಸ್ಸಿ.ಯವರಿಗೆ ನ್ಯೂಕ್ಲಿಯಿಕ್ ಆಮ್ಲಗಳ ಪಾಠ ಮುಗಿಸುತ್ತಿದ್ದೆ. ಸುದ್ದಿ ಪತ್ರಿಕೆಯಲ್ಲಿ ಬಂದಿರಬೇಕು. ಎರಡೂ ಕಣ್ಣು ಚೆನ್ನಾಗಿದ್ದ ಕಾಲವದು, ನಾನು ಗಮನಿಸಲಿಲ್ಲ.